ಚಾಳೀಸು ಬಂದ ಕಣ್ಣಿಗೆ ಮಜಲ್‌ಲೋಡರ್ ರೈಫಲ್: ಕನ್ನಡಕವೋ, ಕಚ್ಚೋ, ಕಿಂಡಿಯೋ, ದೂರದರ್ಶಕವೋ?

ನಳಿಗೆಯ ಬಾಯಿಂದ ಮದ್ದು ಮತ್ತು ಗುಂಡು ತುಂಬಿ ಹೊಡೆಯುವ ರೈಫಲ್ಲನ್ನು, ಅಂದರೆ ಮಜಲ್‌ಲೋಡರನ್ನು, ಐವತ್ತು ದಾಟಿದವರು ಭುಜಕ್ಕೆ ಏರಿಸಿದಾಗ ಮೊದಲು ಕೈಕೊಡುವುದು ಹಿಂದಿನ ಕಚ್ಚು, ಅಂದರೆ ಗುರಿ ಹಿಡಿಯಲು ನಳಿಗೆಯ ಹಿಂಭಾಗದ ಮೇಲೆ ನಿಲ್ಲಿಸಿದ ತಗಡಿನಲ್ಲಿ ಕೊರೆದ ಸೀಳು. ಆ ಸೀಳಿನ ನಡುವೆ ತಂದು ನೋಡಬೇಕಾದ, ನಳಿಗೆಯ ತುದಿಯಲ್ಲಿ ನಿಂತ ಮೊನೆ ಇನ್ನೂ ಅಷ್ಟಿಷ್ಟು ಕಾಣುತ್ತಿರುತ್ತದೆ, ಐವತ್ತು ಗಜದಾಚೆಯ ಗುರಿಹಲಗೆಯ ಕರಿಬೊಟ್ಟೂ ಕಾಣುತ್ತಿರುತ್ತದೆ; ಆದರೆ ಕಣ್ಣಿನಿಂದ ಒಂದೂವರೆ ಅಡಿ ದೂರದಲ್ಲಿರುವ ಕಚ್ಚಿನ ಎರಡು ಅಂಚುಗಳು ಕರಗಿ ಒಂದಾಗಿಬಿಡುತ್ತವೆ. ಅಮೆರಿಕದ ಓಹಾಯೋದಲ್ಲಿ ನಾನು ಹೋಗುವ ಸಣ್ಣ ಕ್ಲಬ್ಬಿನಲ್ಲಿ ಹೆಚ್ಚಿನವರು ಅರವತ್ತರ ಆಸುಪಾಸಿನವರು. ಗುಂಡಿನ ತೂಕ, ಮದ್ದಿನ ಅಳತೆಗಳಿಗಿಂತ ಹೆಚ್ಚಾಗಿ ಅಲ್ಲಿ ಮಾತು ತಿರುಗುವುದು ಕಣ್ಣಿನ ಕಡೆಗೆ. ಈ ತೊಂದರೆಗೆ ನಾಲ್ಕು ಬಗೆಯ ಪರಿಹಾರಗಳಿವೆ: ಕನ್ನಡಕದ ಗಾಜನ್ನು ಬದಲಿಸುವುದು, ಕಚ್ಚು ಮತ್ತು ಮೊನೆಗಳನ್ನು ತಿದ್ದುವುದು, ಕಚ್ಚಿನ ಬದಲು ಕಣ್ಣಿನ ಹತ್ತಿರ ಒಂದು ಸಣ್ಣ ಕಿಂಡಿಯನ್ನು ಕೂರಿಸುವುದು, ಇಲ್ಲವೇ ದೂರದರ್ಶಕ ಅಥವಾ ಗುರಿ ತೋರಿಸಲು ಗಾಜಿನಲ್ಲಿ ಕೆಂಪು ಚುಕ್ಕೆ ಮೂಡಿಸುವ ಸಾಧನವನ್ನು ಹಾಕುವುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕನ್ನಡಕದಿಂದ ಶುರು ಮಾಡಬೇಕು. ಅದು ಸಾಲದಿದ್ದರೆ, ಮತ್ತು ನಿಮ್ಮ ಸ್ಪರ್ಧೆಯ ಅಥವಾ ಬೇಟೆಯ ನಿಯಮ ಒಪ್ಪುವುದಾದರೆ, ಕಿಂಡಿಗೆ ಹೋಗಬೇಕು. ಒಪ್ಪದಿದ್ದರೆ ಮಾತ್ರ ಕಚ್ಚನ್ನು ತಿದ್ದುವ ಕೆಲಸಕ್ಕೆ ಕೈಹಾಕಬೇಕು. ಈ ಅನುಕ್ರಮ ಏಕೆ ಎಂಬುದನ್ನು ತಿಳಿಯಲು ಕಣ್ಣಿನೊಳಗಿನ ಲೆಕ್ಕವನ್ನು ಸ್ವಲ್ಪ ನೋಡಬೇಕಾಗುತ್ತದೆ.

ಮೂರು ದೂರ, ಒಂದು ಕಣ್ಣು

ನಲವತ್ತರ ಸುಮಾರಿಗೆ ಓದುವ ಕನ್ನಡಕ ಬರುತ್ತದೆಂದೇ ಅದಕ್ಕೆ ನಮ್ಮಲ್ಲಿ ಚಾಳೀಸು ಎಂಬ ಹೆಸರು ನಿಂತಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಅದರ ಶಕ್ತಿ ಕುಗ್ಗುತ್ತದೆ. ನೇತ್ರಪರೀಕ್ಷಕರು ಸರಾಸರಿಗೆ ಬಳಸುವ ಹಾಫ್‌ಸ್ಟೆಟರ್ ಸೂತ್ರದಂತೆ 18.5ರಿಂದ ವಯಸ್ಸಿನ 0.3 ಪಟ್ಟನ್ನು ಕಳೆದರೆ ಆ ಶಕ್ತಿ ಡಯಾಪ್ಟರ್‌ಗಳಲ್ಲಿ (ಮಸೂರದ ಶಕ್ತಿಯ ಅಳತೆ; 1ನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದರೆ ಬರುವುದು) ಸಿಗುತ್ತದೆ: 40ನೇ ವಯಸ್ಸಿಗೆ 6.5, 50ಕ್ಕೆ 3.5, 60ಕ್ಕೆ ಕೇವಲ 0.5. ಇತ್ತ ರೈಫಲ್ ಕೇಳುವುದೆಷ್ಟು? ಕಣ್ಣಿನಿಂದ 45 ಸೆಂಟಿಮೀಟರ್ ದೂರದ ಕಚ್ಚನ್ನು ಸ್ಪಷ್ಟವಾಗಿ ನೋಡಲು 2.2 ಡಯಾಪ್ಟರ್ ಬೇಕು, 1.2 ಮೀಟರ್ ದೂರದ ಮೊನೆಗೆ 0.8 ಬೇಕು, ಗುರಿಹಲಗೆಗೆ ಹೆಚ್ಚುಕಡಿಮೆ ಸೊನ್ನೆ ಸಾಕು. ಅಂದರೆ ಐವತ್ತರಲ್ಲಿ ಕಷ್ಟಪಟ್ಟು ನಿಭಾಯಿಸಿದ್ದನ್ನು ಅರವತ್ತರಲ್ಲಿ ಎಷ್ಟು ಕಷ್ಟಪಟ್ಟರೂ ನಿಭಾಯಿಸಲಾಗದು. ಹರೆಯದ ಕಣ್ಣು ಕೂಡ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡುತ್ತಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಕ್ಷಣಾರ್ಧದಲ್ಲಿ ಜಿಗಿಯುತ್ತಿತ್ತು, ಆ ಜಿಗಿತ ನಮಗೆ ತಿಳಿಯುತ್ತಿರಲಿಲ್ಲ ಅಷ್ಟೇ.

ಮಸುಕಿನ ಪ್ರಮಾಣವನ್ನು ಅಳೆಯಲು ಒಂದು ಸುಲಭ ದಾರಿಯಿದೆ. ಪಾಪೆಯ ಅಗಲವನ್ನು ಮಿಲಿಮೀಟರಿನಲ್ಲಿ ಹಿಡಿದು, ಎಷ್ಟು ಡಯಾಪ್ಟರ್ ತಪ್ಪಿದೆಯೋ ಅದರಿಂದ ಗುಣಿಸಿದರೆ, ಪ್ರತಿ ಮೀಟರ್ ದೂರಕ್ಕೆ ಎಷ್ಟು ಮಿಲಿಮೀಟರ್ ಮಸುಕು ಹರಡುತ್ತದೆ ಎಂಬುದು ಸಿಗುತ್ತದೆ. ಕಣ್ಣು 2 ಮೀಟರ್ ದೂರಕ್ಕೆ, ಅಂದರೆ 0.5 ಡಯಾಪ್ಟರಿಗೆ, ನೆಟ್ಟಿದೆ ಎಂದೂ ಪಾಪೆ 3 ಮಿಲಿಮೀಟರ್ ತೆರೆದಿದೆ ಎಂದೂ ಇಟ್ಟುಕೊಳ್ಳೋಣ. ಆಗ 45 ಸೆಂಟಿಮೀಟರ್ ದೂರದ ಕಚ್ಚಿನ ಮೇಲೆ ಬೀಳುವ ಮಸುಕಿನ ಅಗಲ ಸುಮಾರು 2.3 ಮಿಲಿಮೀಟರ್. ಹಳೆಯ ಮಾದರಿಯ ಉದ್ದನಳಿಗೆ ರೈಫಲ್ಲುಗಳಲ್ಲಿ ಕಚ್ಚಿನ ಬಾಯಿ ಒಂದೂವರೆ ಮಿಲಿಮೀಟರ್ ಇದ್ದರೆ ದೊಡ್ಡದು. ಕಚ್ಚಿಗಿಂತ ಮಸುಕೇ ಅಗಲವಾದಾಗ ಅದರೊಳಗೆ ಬೆಳಕು ಕಾಣುವುದಾದರೂ ಹೇಗೆ? ಬಿಸಿಲಿನಲ್ಲಿ ಪಾಪೆ ಕಿರಿದಾಗುವುದರಿಂದ ಮಸುಕೂ ಕಡಿಮೆಯಾಗುತ್ತದೆ. ಮಧ್ಯಾಹ್ನ ಸರಿಯಾಗಿ ಹೊಡೆದವರು ಸಂಜೆ ಕಾಡಿನ ಅಂಚಿನಲ್ಲಿ ತಡವರಿಸುವುದು ಇದೇ ಕಾರಣಕ್ಕೆ. ಮುಂದೆ ಹೇಳುವ ಪ್ರತಿಯೊಂದು ಪರಿಹಾರವೂ ಈ ಗುಣಾಕಾರದ ಎರಡು ಸಂಖ್ಯೆಗಳಲ್ಲಿ ಒಂದನ್ನು ಕಡಿಮೆ ಮಾಡುವ ಪ್ರಯತ್ನವೇ.

ಮೊದಲು ಕನ್ನಡಕ

ಕಣ್ಣಿನ ವೈದ್ಯರನ್ನು ಕಾಣದೆ ರೈಫಲ್‌ಗೆ ಅರ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿರದ ದೋಷ, ಇದ್ದರೆ ಮೊನೆ ಎರಡಾಗಿ ಕಾಣಬಹುದು, ಪೊರೆ ಬೆಳೆಯುತ್ತಿದ್ದರೆ ಎಲ್ಲವೂ ಮಂಕಾಗಿ ಬಿಸಿಲಿನಲ್ಲಿ ಕಣ್ಣು ಕುಕ್ಕಬಹುದು. ಇವೆರಡಕ್ಕೂ ಕಬ್ಬಿಣದ ಕೆಲಸದಲ್ಲಿ ಮದ್ದಿಲ್ಲ. ಮೊನೆಯ ನೇರವಾದ ಅಂಚು ಸೊಟ್ಟಗೆ ಅಥವಾ ನಡುವೆ ಮುರಿದಂತೆ ಕಂಡರೆ ಅದು ಅಕ್ಷಿಪಟದ ತೊಂದರೆಯ ಸೂಚನೆಯಾಗಿರಬಹುದು, ಆಗ ಒಂದು ದಿನವೂ ತಡಮಾಡಬಾರದು.

ಕಣ್ಣು ಆರೋಗ್ಯವಾಗಿದ್ದು ಬರೀ ಚಾಳೀಸಿನ ತೊಂದರೆ ಇದ್ದರೆ, ಗುರಿಯಿಡುವ ಕಣ್ಣಿನ ಗಾಜಿಗೆ ನಿಮ್ಮ ದೂರದೃಷ್ಟಿಯ ನಂಬರಿನ ಮೇಲೆ ಅರ್ಧ ಅಥವಾ ಮುಕ್ಕಾಲು ಡಯಾಪ್ಟರ್ ಪ್ಲಸ್ ಸೇರಿಸಿಕೊಂಡರೆ ಸಾಕಾಗುತ್ತದೆ. ಓದುವ ಕನ್ನಡಕದ ನಂಬರು ಇಲ್ಲಿ ಸಲ್ಲದು. 2 ಡಯಾಪ್ಟರ್ ಹಾಕಿದರೆ ಕಚ್ಚು ಚಂದವಾಗಿ ಕಾಣುತ್ತದೆ, ಮೊನೆ ಮಂಜಾಗುತ್ತದೆ, ಗುರಿಹಲಗೆ ಮಾಯವೇ ಆಗುತ್ತದೆ. ಅರ್ಧ ಡಯಾಪ್ಟರ್ ಹಾಕಿದಾಗ ಕಣ್ಣು 2 ಮೀಟರ್ ದೂರಕ್ಕೆ ನೆಡುತ್ತದೆ, ಅಂದರೆ ಮೊನೆ ಮತ್ತು ಗುರಿಹಲಗೆಗಳ ನಡುವೆ ರಾಜಿ ಮಾಡಿದಂತಾಗುತ್ತದೆ: ಮೊನೆಗೆ ಮೂರನೇ ಒಂದು ಡಯಾಪ್ಟರ್‌ನಷ್ಟು ತಪ್ಪು, ಗುರಿಹಲಗೆಗೆ ಅರ್ಧ ಡಯಾಪ್ಟರ್‌ನಷ್ಟು ತಪ್ಪು. 50 ಮೀಟರ್ ದೂರದ ಕರಿಬೊಟ್ಟಿನ ಅಂಚಿನಲ್ಲಿ ಆಗ ಸುಮಾರು 75 ಮಿಲಿಮೀಟರ್ ಅಗಲದ ಮಸುಕು ಮೂಡುತ್ತದೆ. ಕೇಳಲು ಇದು ದೊಡ್ಡದೆನಿಸಬಹುದು, ಆದರೆ ದುಂಡಗಿನ ಬೊಟ್ಟು ಸುತ್ತಲೂ ಸಮನಾಗಿ ಮಸುಕಾದಾಗ ಅದರ ನಡುವೆಲ್ಲಿದೆ ಎಂಬುದನ್ನು ಕಣ್ಣು ತಪ್ಪದೆ ಹಿಡಿಯುತ್ತದೆ. ಮೊನೆ ಮಸುಕಾದರೆ ಮಾತ್ರ ಕ್ಷಮೆಯಿಲ್ಲ. ನಡುವಿನ ಬದಲು ಬೊಟ್ಟಿನ ಬುಡಕ್ಕೆ ಗುರಿಯಿಡುವ ಅಭ್ಯಾಸವುಳ್ಳವರು ಮೊನೆಯ ತಲೆಗೂ ಬೊಟ್ಟಿಗೂ ಮಧ್ಯೆ ಒಂದು ತೆಳು ಬಿಳಿ ಗೆರೆಯನ್ನು ಬಿಟ್ಟುಕೊಳ್ಳುವುದು ಒಳ್ಳೆಯದು. ಮಸುಕು ಕರಿಯನ್ನು ಕರಿಗೆ ಅಂಟಿಸಿಬಿಟ್ಟರೆ ಎತ್ತರದ ಅಂದಾಜು ತಪ್ಪುತ್ತದೆ.

ಕನ್ನಡಕದ ಅಂಗಡಿಗೆ ಯಾರೂ ರೈಫಲ್ ಒಯ್ಯುವಂತಿಲ್ಲ. ನಾನು ಮಾಡಿದ್ದು ಇಷ್ಟು: ಮನೆಯಲ್ಲಿ ನಳಿಗೆ ಖಾಲಿಯಿದೆ ಎಂದು ಎರಡು ಸಲ ಪರೀಕ್ಷಿಸಿ, ರೈಫಲ್ಲನ್ನು ಭುಜಕ್ಕಿಟ್ಟು, ಕಣ್ಣಿನಿಂದ ಕಚ್ಚಿಗೆ ಮತ್ತು ಮೊನೆಗೆ ಇರುವ ದೂರವನ್ನು ಟೇಪಿನಿಂದ ಅಳೆಸಿದೆ. ಅದೇ ಅಳತೆಗೆ ಒಂದು ಮರದ ಪಟ್ಟಿಯನ್ನು ಕತ್ತರಿಸಿ, ತುದಿಯಲ್ಲಿ 2 ಮಿಲಿಮೀಟರ್ ಅಗಲದ ಕಪ್ಪು ರಟ್ಟಿನ ಚೂರನ್ನೂ ಹಿಂದೆ ಕಚ್ಚು ಕೊರೆದ ರಟ್ಟನ್ನೂ ಅಂಟಿಸಿ, ಅದನ್ನು ಪರೀಕ್ಷಕರ ಬಳಿಗೆ ಒಯ್ದೆ. ಅವರು ಪರೀಕ್ಷೆಯ ಚೌಕಟ್ಟಿಗೆ ಕಾಲು, ಅರ್ಧ, ಮುಕ್ಕಾಲು, ಒಂದು ಎಂದು ಗಾಜುಗಳನ್ನು ಒಂದೊಂದಾಗಿ ಹಾಕುತ್ತ ಹೋದರು. ನಾನು ಪಟ್ಟಿಯನ್ನು ಕೆನ್ನೆಗೆ ಒತ್ತಿ ಕೋಣೆಯ ಕೊನೆಯ ಅಕ್ಷರಪಟವನ್ನು ನೋಡುತ್ತ ಹೋದೆ. ಮುಕ್ಕಾಲರಲ್ಲಿ ರಟ್ಟಿನ ಚೂರಿನ ಮೇಲಂಚು ಕತ್ತರಿಸಿಟ್ಟಂತೆ ನಿಂತಿತು, ಅಕ್ಷರಗಳು ತುಸು ಮೆತ್ತಗಾದವು. ಅರ್ಧಕ್ಕೆ ಬಂದಾಗ ಎರಡೂ ಸಹನೀಯವಾಗಿದ್ದವು. ನಾನು ಅರ್ಧವನ್ನೇ ಆರಿಸಿಕೊಂಡೆ. ನಿಮ್ಮ ನಳಿಗೆ ಗಿಡ್ಡವಾಗಿದ್ದರೆ ಮುಕ್ಕಾಲು ಹೊಂದಬಹುದು. 1970ರಲ್ಲಿ ಮಾರುಕಟ್ಟೆಗೆ ಬಂದ ಥಾಂಪ್ಸನ್ ಸೆಂಟರ್ ಕಂಪನಿಯ ಹಾಕನ್ ರೈಫಲಿನ ನಳಿಗೆ 28 ಇಂಚು, ಪೆನ್ಸಿಲ್ವೇನಿಯಾ ಮಾದರಿಯ ಉದ್ದನಳಿಗೆಗಳು 42 ಇಂಚು ಮತ್ತು ಅದಕ್ಕೂ ಹೆಚ್ಚು. ಈ ಅಂತರವೇ ನಂಬರನ್ನು ಬದಲಿಸಲು ಸಾಕು.

ಒಂದೇ ಗಾಜಿನಲ್ಲಿ ದೂರವೂ ಓದೂ ಸೇರಿರುವ ಪ್ರೋಗ್ರೆಸಿವ್ ಕನ್ನಡಕ ದಿನಬಳಕೆಗೆ ಎಷ್ಟೇ ಅನುಕೂಲವಾಗಿರಲಿ, ಗುರಿಗೆ ಬೇಡ. ಕೆನ್ನೆಯನ್ನು ಮರದ ಹಿಡಿಗೆ ಒತ್ತಿದಾಗ ನಾವು ನೋಡುವುದು ಗಾಜಿನ ಮೇಲ್ಭಾಗದ, ಮೂಗಿನ ಕಡೆಯ ಮೂಲೆಯಿಂದ. ತಲೆ ಕೂದಲೆಳೆಯಷ್ಟು ಅಲುಗಿದರೂ ನಂಬರು ಬದಲಾಗುತ್ತದೆ. ಒಂದೇ ನಂಬರಿನ, ದೊಡ್ಡ ಗಾಜಿನ, ಪಾಲಿಕಾರ್ಬೊನೇಟಿನ ಕನ್ನಡಕವನ್ನೇ ಮಾಡಿಸಿ, ಅಮೆರಿಕದಲ್ಲಿರುವವರು ಸುರಕ್ಷಾ ಕನ್ನಡಕಕ್ಕೆ ಹಾಕುವ ಝಡ್87 ಗುರುತು ಇದೆಯೇ ಎಂದು ನೋಡಿಕೊಳ್ಳಿ. ಚಕಮಕಿ ಕಲ್ಲಿನ ರೈಫಲ್ ಪ್ರತಿ ಹೊಡೆತಕ್ಕೂ ಕಿಡಿ ಮತ್ತು ಉರಿಯುವ ಮದ್ದನ್ನು ಉಗುಳುತ್ತದೆ, ಕೇಪಿನ, ಅಂದರೆ ಬಡಿದಾಗ ಸಿಡಿದು ಮದ್ದು ಹೊತ್ತಿಸುವ ಪುಟ್ಟ ತಾಮ್ರದ ಟೊಪ್ಪಿಯ, ರೈಫಲ್ ಆ ತಾಮ್ರದ ಚೂರುಗಳನ್ನು ಎಸೆಯುತ್ತದೆ. ಗುರಿ ತಪ್ಪಿದರೆ ಇನ್ನೊಂದು ಸಲ ಹೊಡೆಯಬಹುದು, ಕಣ್ಣು ಹೋದರೆ ಬರುವುದಿಲ್ಲ.

ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿರುವವರು ತಮ್ಮ ಹವ್ಯಾಸವನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸುವುದು ತುಂಬ ಮುಖ್ಯ. ಒಳಗೆ ಕೂರಿಸುವ ಮಸೂರವನ್ನು ಯಾವ ದೂರಕ್ಕೆ ನೆಡಬೇಕೆಂಬುದನ್ನು ಆಗ ಆರಿಸಬಹುದು, ಆಮೇಲೆ ಬದಲಿಸುವುದು ಸುಲಭವಲ್ಲ. ಹಲವು ದೂರಗಳಿಗೆ ಒಟ್ಟಿಗೆ ಹೊಂದುವ ಮಸೂರಗಳು ಬೆಳಕಿನ ಸುತ್ತ ಬಳೆಯಂಥ ಪ್ರಭೆಯನ್ನೂ, ಕಪ್ಪು ಬಿಳುಪಿನ ವ್ಯತ್ಯಾಸದಲ್ಲಿ ಸ್ವಲ್ಪ ನಷ್ಟವನ್ನೂ ತರುವುದುಂಟು. ಗುರಿಯಿಡುವ ಕಣ್ಣಿನ ವಿಷಯದಲ್ಲಿ ಅದನ್ನು ವೈದ್ಯರೊಡನೆ ಬಿಡಿಸಿ ಮಾತಾಡಬೇಕು.

ಕಚ್ಚು ತಿದ್ದುವುದು: ಅಗಲಿಸುವುದೋ, ಮುಂದೆ ಸರಿಸುವುದೋ?

ಕನ್ನಡಕ ಮೊನೆಯನ್ನು ಉಳಿಸಿಕೊಟ್ಟಿತು, ಕಚ್ಚು ಮಾತ್ರ ಇನ್ನೂ ಮಂಜು, ಕಿಂಡಿಗೆ ನಿಯಮದ ಒಪ್ಪಿಗೆಯೂ ಇಲ್ಲ ಎಂದಾದರೆ ಮೊದಲ ಮತ್ತು ಅಗ್ಗದ ಕೆಲಸ ಕಚ್ಚನ್ನು ಅಗಲಿಸುವುದು. 1.2 ಮೀಟರ್ ದೂರದ 2 ಮಿಲಿಮೀಟರ್ ಮೊನೆಯು 45 ಸೆಂಟಿಮೀಟರ್ ದೂರದ ಕಚ್ಚಿನೊಳಗೆ 0.75 ಮಿಲಿಮೀಟರ್‌ನಷ್ಟು ಜಾಗವನ್ನಷ್ಟೇ ತುಂಬುತ್ತದೆ. ಹರೆಯದ ಕಣ್ಣಿಗೆ ಒಂದೂವರೆ ಮಿಲಿಮೀಟರ್ ಕಚ್ಚು ಸಾಕಿತ್ತು. ಚಾಳೀಸಿನ ಕಣ್ಣಿಗೆ ಅದನ್ನು 2ರಿಂದ 2.5ಕ್ಕೆ ಒಯ್ದರೆ ಎರಡು ಬದಿಯಲ್ಲೂ ಬೆಳಕಿನ ಪಟ್ಟಿ ಮತ್ತೆ ಮೂಡುತ್ತದೆ. ಅಗಲಿಸಿದರೆ ನಿಖರತೆ ಹೋಗುತ್ತದೆ ಎಂಬ ಭಯ ಬಹುಮಟ್ಟಿಗೆ ಆಧಾರವಿಲ್ಲದ್ದು, ಏಕೆಂದರೆ ಕಣ್ಣು ಅಳೆಯುವುದು ಎರಡು ಬೆಳಕಿನ ಪಟ್ಟಿಗಳ ಸಮಾನತೆಯನ್ನೇ ಹೊರತು ಅವುಗಳ ಕಿರಿದುತನವನ್ನಲ್ಲ. ಇಂಗ್ಲಿಷಿನ ವಿ ಆಕಾರದ ಕಚ್ಚು ಮಸುಕಿಗೆ ಸಿಕ್ಕಿದಾಗ ಅದರ ತಳ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ, ಹೊಡೆತಗಳು ಮೇಲೆ ಕೆಳಗೆ ಚೆದುರುತ್ತವೆ. ಚೌಕ ಕಚ್ಚು ಅಥವಾ ಅಗಲವಾದ ಯು ಆಕಾರ ಮೇಲು. ತಗಡು ದಪ್ಪಗಿದ್ದರೆ ಕಚ್ಚಿನ ಮುಂಬದಿಯನ್ನು ಇಳಿಜಾರಾಗಿ ಅರೆದು, ಕಣ್ಣಿನ ಕಡೆ ಒಂದೇ ಚೂಪು ಅಂಚು ಉಳಿಯುವಂತೆ ಮಾಡಬೇಕು.

ಕಚ್ಚನ್ನೇ ನಳಿಗೆಯ ಮೇಲೆ ಮುಂದಕ್ಕೆ ಸರಿಸುವ ಸಲಹೆ ಬಲು ಪ್ರಚಲಿತ. ನನಗೂ ಹಾಗೆಯೇ ಹೇಳಿದರು, ನಾನೂ ನಂಬಿದೆ, ನಳಿಗೆಯಲ್ಲಿ ಕಚ್ಚಿನ ತಗಡನ್ನು ಕೂರಿಸಲು, ತಳ ಅಗಲವಾದ ಹೊಸ ಡವ್‌ಟೇಲ್ ಸೀಳನ್ನು ಕೊರೆಸಿಯೂಬಿಟ್ಟೆ. ಹಳೆಯ ಸೀಳಿಗೆ ಉಕ್ಕಿನ ತುಂಡು ಬಡಿದು ಮುಚ್ಚಿದ ಗುರುತು ಇಂದಿಗೂ ಅದರ ಮೇಲಿದೆ. ಕಚ್ಚು ಮೊದಲಿಗಿಂತ ನೋಡಲು ಹಿತವಾಯಿತು, ಸಂದೇಹವಿಲ್ಲ. ಆದರೆ ಹಲಗೆಯ ಮೇಲೆ ಹೊಡೆತಗಳು ಬೀಳುವ ಗುಂಪು ನಾನು ಎಣಿಸಿದಷ್ಟು ಚಿಕ್ಕದಾಗಲಿಲ್ಲ. ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. 45 ಸೆಂಟಿಮೀಟರಿನಿಂದ 65ಕ್ಕೆ ಸರಿಸಿದಾಗ ಕಣ್ಣಿಗೆ ಕಾಣುವ ಮಸುಕು ಐದರಲ್ಲಿ ಎರಡು ಪಾಲಿನಷ್ಟು ಇಳಿಯುತ್ತದೆ. ಆದರೆ ಕಚ್ಚು ದೂರ ಹೋದದ್ದರಿಂದ ಅದರ ಮೇಲಿನ ಮಸುಕಿನ ನಿಜವಾದ ಅಗಲ 2.3ರಿಂದ 2 ಮಿಲಿಮೀಟರಿಗೆ ಮಾತ್ರ ಇಳಿಯುತ್ತದೆ. ಅತ್ತ ಕಚ್ಚಿಗೂ ಮೊನೆಗೂ ನಡುವಿನ ಅಂತರ 75 ಸೆಂಟಿಮೀಟರಿನಿಂದ 55ಕ್ಕೆ ಕುಗ್ಗುತ್ತದೆ. ಕಾಲು ಮಿಲಿಮೀಟರ್‌ನಷ್ಟು ತಪ್ಪು ಜೋಡಣೆಯಾದರೆ ಮೊದಲಿದ್ದ ಅಂತರದಲ್ಲಿ ಅದು 50 ಮೀಟರಿನಲ್ಲಿ 17 ಮಿಲಿಮೀಟರ್ ತಪ್ಪಾಗುತ್ತಿತ್ತು, ಈಗ 23 ಮಿಲಿಮೀಟರ್ ಆಗುತ್ತದೆ. ಗಳಿಸಿದ್ದರ ಬಹುಪಾಲನ್ನು ಹೀಗೆ ಕಳೆದುಕೊಳ್ಳುತ್ತೇವೆ. ಆದ್ದರಿಂದ ಕಚ್ಚು ಸರಿಸುವುದನ್ನು ನಾನು ಸೂಚಿಸುವುದು, ಅಗಲಿಸಿದ ಮೇಲೂ ಬೆಳಕಿನ ಪಟ್ಟಿಗಳು ಕಾಣದೇ ಹೋದವರಿಗೆ ಮಾತ್ರ. ಅದೂ ಹತ್ತು ಸೆಂಟಿಮೀಟರಿನೊಳಗೆ.

ಸರಿಸುವ ಮುನ್ನ ನಾನು ಮಾಡಬೇಕಾಗಿದ್ದ ಪರೀಕ್ಷೆಯನ್ನು ನೀವು ಮಾಡಿ. ಜಡಿಯುವ ಕೋಲನ್ನು ನಳಿಗೆಯ ತಳದವರೆಗೆ ಇಳಿಸಿ ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಕಚ್ಚನ್ನು ಬಿಚ್ಚಿಟ್ಟು, ಕಪ್ಪು ರಟ್ಟಿನಲ್ಲಿ ಚೌಕ ಕಚ್ಚನ್ನು ಕತ್ತರಿಸಿ ರಬ್ಬರ್ ಬ್ಯಾಂಡಿನಿಂದ ನಳಿಗೆಗೆ ಕಟ್ಟಿ. ಕನ್ನಡಕ ಹಾಕಿಕೊಂಡು ಭುಜಕ್ಕೇರಿಸಿ, ಗೋಡೆಯ ಮೇಲಿನ ಕರಿಬೊಟ್ಟನ್ನು ನೋಡುತ್ತ, ಬೇರೊಬ್ಬರ ಕೈಯಲ್ಲಿ ರಟ್ಟನ್ನು ಬೆರಳಗಲ ಬೆರಳಗಲವಾಗಿ ಮುಂದೆ ತಳ್ಳಿಸಿ. ಎಲ್ಲಿ ಅಂಚುಗಳು ನಿಲ್ಲುತ್ತವೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೀಗೆ ಮಾಡಿದರೆ ಎರಡು ಗೆರೆಗಳು ಸಿಗುತ್ತವೆ. ಸಂಜೆಯ ಗೆರೆಯನ್ನೇ ನಂಬಿ. ಸೊಂಟ ತೆಳುವಾದ, ಹಿಂದುಮುಂದು ದಪ್ಪಗಿರುವ ನಳಿಗೆಗಳಲ್ಲಿ ನಡುಭಾಗದ ಲೋಹ ತೀರ ಕಡಿಮೆ ಇರುವುದರಿಂದ, ಸೀಳು ಕೊರೆಯುವ ಕೆಲಸವನ್ನು ಅಳತೆಮಾಡಿ ಹೇಳಬಲ್ಲ ಕೋವಿ ಕಮ್ಮಾರರಿಗೇ ಬಿಡಬೇಕು.

ಮೊನೆಯ ವಿಷಯ ಇಷ್ಟು ದೀರ್ಘವಲ್ಲ. ಹಳೆಯ ಹಿತ್ತಾಳೆ, ಬೆಳ್ಳಿ ಮೊನೆಗಳು ಕಾಡಿನ ನೆರಳಿನಲ್ಲಿ ಚೆನ್ನ, ಬಯಲಿನ ಬಿಸಿಲಿನಲ್ಲಿ ಮೋಸ ಮಾಡುತ್ತವೆ: ಎಡಗಡೆಯಿಂದ ಬಿಸಿಲು ಬಿದ್ದರೆ ಎಡಭಾಗ ಮಾತ್ರ ಹೊಳೆಯುತ್ತದೆ, ಕಣ್ಣು ಆ ಹೊಳಪನ್ನೇ ಇಡೀ ಮೊನೆ ಎಂದು ಭಾವಿಸಿ ನಡುವಿಗೆ ತರುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಹಲಗೆಗೆ ಹೊಡೆಯುವವರು ಮೊನೆಯನ್ನು 2 ಮಿಲಿಮೀಟರಿಗಿಂತ ದಪ್ಪವಾಗಿ, ಹಿಂಬದಿ ಮುಖ ಚಪ್ಪಟೆಯಾಗಿ, ದೀಪದ ಮಸಿ ಹಿಡಿಸಿ ಕಪ್ಪಾಗಿ ಇಟ್ಟುಕೊಳ್ಳಬೇಕು. ಬೇಟೆಗೆ ಹೋಗುವವರು ಅದೇ ಮುಖವನ್ನು ಆಕಾಶದ ಬೆಳಕು ಹಿಡಿಯುವಂತೆ ತುಸು ಇಳಿಜಾರಾಗಿ ಅರೆದರೆ ಸಾಕು. ಸುತ್ತಲಿನ ಬೆಳಕನ್ನು ಹೀರಿ ತುದಿಯಲ್ಲಿ ಹೊಳೆಯುವ, ಹಸಿರು ಕೆಂಪು ಬಣ್ಣದ ಫೈಬರ್ ಆಪ್ಟಿಕ್ ಮೊನೆ ಮುಂಜಾವಿನಲ್ಲಿ ನಿಜಕ್ಕೂ ನೆರವಾಗುತ್ತದೆ, ಆದರೆ ಪೊರೆ ಅಥವಾ ಅಸ್ಟಿಗ್ಮ್ಯಾಟಿಸಂ ಇರುವ ಕಣ್ಣಿಗೆ ಅದೊಂದು ಕಾಲು ಚಾಚಿದ ನಕ್ಷತ್ರವಾಗಿ ಕಾಣುತ್ತದೆ. ಕೊಳ್ಳುವ ಮುನ್ನ ಗೆಳೆಯರ ರೈಫಲ್ಲಿನಲ್ಲಿ ನೋಡಿ.

ಕಿಂಡಿಯ ಬಲ

ದೃಷ್ಟಿಶಾಸ್ತ್ರದ ಲೆಕ್ಕದಲ್ಲಿ ಕಿಂಡಿಗೆ ಸರಿಸಾಟಿಯಾದ ಬಿಡಿ ಸಾಧನ ಇನ್ನೊಂದಿಲ್ಲ. ಮದ್ದಿನ ಕೋಣೆಯ ಹಿಂದೆ, ಮರದ ಹಿಡಿಯ ಕೊರಳಿನ ಮೇಲೆ ಚಾಚಿರುವ ಉಕ್ಕಿನ ಪಟ್ಟಿಗೆ ಸ್ಕ್ರೂ ಹಾಕಿ ನಿಲ್ಲಿಸುವ ಒಂದು ಸಣ್ಣ ತಟ್ಟೆ, ಅದರ ನಡುವೆ ಒಂದು ತೂತು. ಕಣ್ಣು ಆ ತೂತನ್ನು ನೋಡುವುದಿಲ್ಲ, ಅದರ ಮೂಲಕ ನೋಡುತ್ತದೆ. ತೂತು ಕಣ್ಣಿಗೆ ಹತ್ತಿರವಿದ್ದಾಗ ಅದೇ ಹೊಸ ಪಾಪೆಯಾಗುತ್ತದೆ: 3 ಮಿಲಿಮೀಟರ್ ಪಾಪೆಯ ಬದಲು 1.2 ಮಿಲಿಮೀಟರ್ ತೂತು ಬಂದರೆ ಎಲ್ಲ ದೂರಗಳ ಮಸುಕೂ ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಮೇಲೆ ಹೇಳಿದ 75 ಮಿಲಿಮೀಟರ್ ಮಸುಕು 30ಕ್ಕೆ ಬರುತ್ತದೆ. ನೋಡಬೇಕಾದ ವಸ್ತುಗಳು ಮೂರರಿಂದ ಎರಡಾಗುತ್ತವೆ, ಏಕೆಂದರೆ ದುಂಡು ಕಿಂಡಿಯ ನಡುವಿಗೆ ಮೊನೆಯ ತಲೆಯನ್ನು ತರುವ ಕೆಲಸವನ್ನು ಕಣ್ಣು ತಾನಾಗಿಯೇ ಮಾಡುತ್ತದೆ. ಕಿಂಡಿಗೂ ಮೊನೆಗೂ ನಡುವಿನ ಅಂತರ ಹೆಚ್ಚುವುದರಿಂದ ಸಣ್ಣಪುಟ್ಟ ತಪ್ಪುಗಳ ಪರಿಣಾಮವೂ ಇಳಿಯುತ್ತದೆ. ಕಚ್ಚನ್ನು ಮುಂದೆ ಸರಿಸಿದಾಗ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟೆವು. ಇಲ್ಲಿ ಎರಡೂ ಒಂದೇ ದಿಕ್ಕಿನಲ್ಲಿ ಸಾಗುತ್ತವೆ.

ಬಿಡಬೇಕಾದದ್ದು ಬೆಳಕನ್ನು. 4 ಮಿಲಿಮೀಟರ್ ತೆರೆದ ಪಾಪೆಗೆ 1.2 ಮಿಲಿಮೀಟರ್ ತೂತನ್ನು ಅಡ್ಡ ಹಿಡಿದರೆ ಒಳಗೆ ಬರುವ ಬೆಳಕು ಹನ್ನೊಂದರಲ್ಲಿ ಒಂದು ಪಾಲು. ಬಯಲಿನ ಹಲಗೆಗೆ ಇದು ಏನೂ ಅಲ್ಲ. ಮುಸ್ಸಂಜೆಯ ಜಿಂಕೆಗೆ ಇದು ಕುರುಡು. ತೂತನ್ನು 1 ಮಿಲಿಮೀಟರಿಗಿಂತ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುವುದರಿಂದ ಸ್ಪಷ್ಟತೆ ಹೆಚ್ಚುವ ಬದಲು ಕುಂದುತ್ತದೆ. ಆದ್ದರಿಂದ ತೂತಿನ ತಟ್ಟೆಯನ್ನು ತಿರುಗಿಸಿ ತೆಗೆಯಬಹುದಾದ ಮಾದರಿಯನ್ನೇ ಕೊಳ್ಳಿ: ಹಲಗೆಗೆ 1.2ರ ಆಸುಪಾಸು, ಕಾಡಿಗೆ 2.5 ಅಥವಾ 3. ಲೈಮನ್, ವಿಲಿಯಮ್ಸ್ ಇಂಥ ಸಾಧನಗಳಿಗೆ ಬಹುಕಾಲದಿಂದ ಹೆಸರಾದ ಅಮೆರಿಕದ ತಯಾರಕರು. ಕನ್ನಡಕ ಹಾಕಿದ ಕಣ್ಣಿಗೂ ಕಿಂಡಿಗೂ ನಡುವೆ, ರೈಫಲ್ ಹಿಂದೆ ಒದೆಯುವಾಗ ತಗಲದಂತೆ, ಕಡಿಮೆಯೆಂದರೆ ಮೂರು ಬೆರಳಗಲ ಜಾಗ ಉಳಿಯಬೇಕು. ಕರಿಮದ್ದಿನ ಮಸಿ ತೂತಿಗೆ ಕಟ್ಟಿಕೊಳ್ಳುತ್ತದೆ. ಹತ್ತು ಹನ್ನೆರಡು ಹೊಡೆತಕ್ಕೊಮ್ಮೆ ಬೆಂಕಿಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒರೆಸಬೇಕು.

ಕೆಲವರು ಹಳೆಯ ಕಚ್ಚಿನ ಜಾಗದಲ್ಲೇ, ಅಂದರೆ ನಳಿಗೆಯ ಮೇಲೆಯೇ, ಕಿಂಡಿ ಕೂರಿಸುತ್ತಾರೆ. ಇದಕ್ಕೆ ಹೊಸ ತೂತು ಕೊರೆಯಬೇಕಿಲ್ಲ ಎಂಬುದು ನಿಜ. ಆದರೆ ಒಂದೂವರೆ ಅಡಿ ದೂರದ 1.2 ಮಿಲಿಮೀಟರ್ ತೂತಿನಲ್ಲಿ ಏನೂ ಕಾಣದು. ಕಾಣುವಷ್ಟು, 3 ಅಥವಾ 4 ಮಿಲಿಮೀಟರಿಗೆ, ದೊಡ್ಡದು ಮಾಡಿದರೆ ಅದು ಪಾಪೆಯನ್ನು ಕಿರಿದುಗೊಳಿಸುವ ಗುಣವನ್ನು ಕಳೆದುಕೊಂಡು ಒಂದು ದುಂಡಗಿನ ಕಚ್ಚಾಗಿ ಉಳಿಯುತ್ತದೆ. ಬೇಟೆಯಲ್ಲಿ ಬೇಗ ಗುರಿ ಹಿಡಿಯಲು ಅದು ವಾಸಿ, ಮಸುಕಿಗೆ ಮದ್ದಲ್ಲ.

ಕಿಂಡಿ ನಿಮ್ಮ ಕಣ್ಣಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಒಂದು ರೂಪಾಯಿಯ ಖರ್ಚೂ ಬೇಡ. ಕಪ್ಪು ಇನ್ಸುಲೇಷನ್ ಟೇಪಿನ ಬೆರಳಗಲದ ಚೂರಿಗೆ ಕಾಯಿಸಿದ ದಪ್ಪ ಸೂಜಿಯಿಂದ ದುಂಡಗೆ ತೂತು ಮಾಡಿ. ಖಾಲಿ ರೈಫಲ್ಲನ್ನು ಭುಜಕ್ಕಿಟ್ಟು ಗುರಿ ಹಿಡಿದಾಗ ಕಣ್ಣು ಕನ್ನಡಕದ ಯಾವ ಜಾಗದಿಂದ ನೋಡುತ್ತದೆ ಎಂಬುದನ್ನು ಇನ್ನೊಬ್ಬರಿಂದ ಪೆನ್ನಿನಲ್ಲಿ ಗುರುತು ಮಾಡಿಸಿ, ಅಲ್ಲಿ ಟೇಪನ್ನು ಅಂಟಿಸಿ. ಮೊದಲ ಸಲ ಹೀಗೆ ನೋಡಿದಾಗ ಹದಿನೈದು ವರ್ಷಗಳ ಹಿಂದಿನ ಹಿತ್ತಾಳೆ ಮೊನೆ, ಅದರ ತಲೆಯ ಮೇಲಿನ ಅರದ ಗೀರಿನ ಸಮೇತ, ನನಗೆ ಮರಳಿ ಕಂಡಿತು. ಇದೇ ತತ್ತ್ವದ ಮೇಲೆ, ಕನ್ನಡಕದ ಗಾಜಿಗೆ ಅಂಟಿಸಿ ತೂತನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಸಾಧನಗಳೂ ಸಿಗುತ್ತವೆ. ರೈಫಲ್ಲನ್ನು ಮುಟ್ಟದೆ ಕಚ್ಚಿನೊಂದಿಗೇ ಬಳಸಬಹುದಾದ್ದರಿಂದ, ಪುರಾತನವಾದ ಅಥವಾ ತಾತನ ಕಾಲದ ರೈಫಲ್ ಇರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಸ್ಪರ್ಧೆಯ ನಿಯಮ ಇದನ್ನು ಒಪ್ಪುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ದೂರದರ್ಶಕ ಮತ್ತು ಕೆಂಪು ಚುಕ್ಕೆ

ದೂರದರ್ಶಕ ಎಲ್ಲವನ್ನೂ ಒಂದೇ ದೂರಕ್ಕೆ ತರುತ್ತದೆ. ಕಣ್ಣಿನ ತೊಂದರೆ ಅಲ್ಲಿಗೆ ಮುಗಿಯಿತು. ಹೊಸ ಮಾದರಿಯ, ಕೇಪು ನೇರ ಹಿಂದೆ ಕೂರುವ ಇನ್‌ಲೈನ್ ರೈಫಲ್ ಇಟ್ಟುಕೊಂಡು ಬೇಟೆಗಷ್ಟೇ ಹೋಗುವವರಿಗೆ, ಅವರ ರಾಜ್ಯ ಅನುಮತಿಸಿದರೆ, ಇದು ನೇರವಾದ ದಾರಿ. ಪಕ್ಕದಲ್ಲಿ ಕುದುರೆ, ಅಂದರೆ ಕೇಪನ್ನು ಬಡಿಯುವ ಸುತ್ತಿಗೆ, ಇರುವ ಹಳೆಯ ಮಾದರಿಗೆ ಹೊಂದದು: ಕುದುರೆಗೆ ತಾಗುತ್ತದೆ, ಕೇಪಿನ ಉರಿ ಗಾಜನ್ನು ಕೆಡಿಸುತ್ತದೆ, ಸಮತೋಲವೂ ಹೋಗುತ್ತದೆ. ಕೆಂಪು ಚುಕ್ಕೆ ಹಗುರ, ಬೇಗ. ಆದರೆ ಅಸ್ಟಿಗ್ಮ್ಯಾಟಿಸಂ ಇದ್ದರೆ ಚುಕ್ಕೆ ಚುಕ್ಕೆಯಾಗಿ ಕಾಣದೆ ದ್ರಾಕ್ಷಿಗೊಂಚಲಾಗುತ್ತದೆ.

ನಿಯಮಗಳೇ ಇಲ್ಲಿ ಬಹಳ ಸಲ ತೀರ್ಮಾನ ಮಾಡಿಬಿಡುತ್ತವೆ. ಕೊಲರಾಡೋ ರಾಜ್ಯದ ಮಜಲ್‌ಲೋಡರ್ ಬೇಟೆಯ ಋತುವಿನಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಕಟ್ಟಳೆಗಳಿದ್ದು, ಅವು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆ ವರ್ಷದ ಬೇಟೆ ಪುಸ್ತಿಕೆಯನ್ನು ಓದದೆ ಹಣ ಹಾಕಬಾರದು. ಸ್ಪರ್ಧೆಗಳಲ್ಲೂ ಹೀಗೆಯೇ. 1933ರಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ಮಜಲ್‌ಲೋಡಿಂಗ್ ರೈಫಲ್ ಸಂಘ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ ನಡೆಸುವ ಕೂಟಗಳಿಗೆ ಹೋಗುವವರು, ತಾವು ಸೇರುವ ಪಂದ್ಯದಲ್ಲಿ ಯಾವ ಬಗೆಯ ಗುರಿಸಾಧನಕ್ಕೆ ಅವಕಾಶವಿದೆ ಎಂಬುದನ್ನು ಪಂದ್ಯಪಟ್ಟಿಯಲ್ಲಿ ನೋಡಿಕೊಂಡೇ ಸಾಧನ ಆರಿಸಬೇಕು. ಹಳೆಯ ಆಯುಧ ಮತ್ತು ಅವುಗಳ ನಿಷ್ಠ ಪ್ರತಿಕೃತಿಗಳಿಗಷ್ಟೇ ಇರುವ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕಾಲಕ್ಕೆ ಒಪ್ಪದ ಯಾವುದನ್ನೂ ರೈಫಲ್ ಮೇಲೆ ಕೂರಿಸುವಂತಿಲ್ಲ. ಇಲ್ಲಿ ಕಿಂಡಿಯನ್ನು ಹೊಸಗಾಲದ ಸೌಕರ್ಯವೆಂದು ಭಾವಿಸಿ ದೂರವಿಡುವವರಿಗೆ ಒಂದು ಮಾತು: ಹದಿನಾರನೇ ಶತಮಾನದ ಯುರೋಪಿನ ಗುರಿ ರೈಫಲ್ಲುಗಳಲ್ಲೇ ಕೊಳವೆಯೊಳಗಿನ ಕಿಂಡಿಗಳಿದ್ದವು. ಚಾಳೀಸು ಆಗಲೂ ಇತ್ತಲ್ಲವೇ.

ಕೊಡಗಿನಲ್ಲಿ ಅಥವಾ ಮಲೆನಾಡಿನಲ್ಲಿ ಮನೆತನದ ಕೇಪಿನ ಕೋವಿ ಇರುವ ಓದುಗರಿಗೆ ಇವೆಲ್ಲ ಹಾಗೆಹಾಗೇ ಅನ್ವಯಿಸುವುದಿಲ್ಲ. ಕೈಲ್‌ಪೊಳ್ದಿನ ದಿನ ಪೂಜೆಗೊಳ್ಳುವ, ಆ ಹಬ್ಬದ ಆಸುಪಾಸಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುವ ಆ ಸೀಮೆಯಲ್ಲಿ, ಹಳೆಯ ಕೋವಿಗಳು ಸಾಮಾನ್ಯವಾಗಿ ಒಳಗೆ ನುಣುಪು ನಳಿಗೆಯವು, ತುದಿಯಲ್ಲಿ ಒಂದು ಮಣಿ ಬಿಟ್ಟರೆ ಹಿಂದೆ ಕಚ್ಚಿಲ್ಲದವು. ಅವಕ್ಕೆ ಕನ್ನಡಕದ ಭಾಗ ಪೂರ್ತಿಯಾಗಿ ಸಲ್ಲುತ್ತದೆ, ಟೇಪಿನ ತೂತಿನ ಪರೀಕ್ಷೆಯೂ ಸಲ್ಲುತ್ತದೆ. ಕೊರೆಯುವ, ಅರೆಯುವ ಕೆಲಸ ಬೇಡ. 1959ರ ಆಯುಧ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಎಂಬ ಕೊಡಗಿನ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಇರುವ, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ದುರಸ್ತಿ, ಪರಿವರ್ತನೆಗಳ ಮಾತು ಬೇರೆ. ಅಂಥ ಕೆಲಸವೇನಿದ್ದರೂ ಪರವಾನಗಿಯಿರುವ ದುರಸ್ತಿದಾರರ ಕೈಯಲ್ಲೇ ಆಗಬೇಕು.

ಆರಿಸಿದ ಮೇಲೆ ಎತ್ತರದ ಲೆಕ್ಕ

ಯಾವುದನ್ನು ಬದಲಿಸಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಕಿಂಡಿಯು ಹಳೆಯ ಗುರಿರೇಖೆಗಿಂತ 5 ಮಿಲಿಮೀಟರ್ ಮೇಲೆ ಕೂತರೆ ಮೊನೆಯೂ ಅಷ್ಟೇ ಎತ್ತರವಾಗಬೇಕು. ಆದ್ದರಿಂದ ಕಿಂಡಿ ಕೊಳ್ಳುವಾಗಲೇ ಎತ್ತರದ ಮೊನೆಯೊಂದನ್ನೂ ತರಿಸಿಕೊಳ್ಳಿ. ಹಿಂದಿನದನ್ನು ಏರಿಸಿದರೆ ಗುಂಡು ಏರುತ್ತದೆ, ಮುಂದಿನದನ್ನು ಅರೆದರೂ ಗುಂಡು ಏರುತ್ತದೆ. ಎರಡರ ನಡುವೆ 30 ಇಂಚು ಅಂತರವಿರುವ ರೈಫಲಿನಲ್ಲಿ 50 ಗಜದ ಹಲಗೆಯ ಮೇಲೆ ಒಂದು ಇಂಚು ಏರಿಸಲು ಮೊನೆಯಿಂದ 0.42 ಮಿಲಿಮೀಟರ್ ತೆಗೆಯಬೇಕು. ಅರದ ನಾಲ್ಕಾರು ಎಳೆತಕ್ಕೆ ಅಷ್ಟು ಹೋಗಿಬಿಡುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಮೊನೆಯನ್ನು ಬೇಕೆಂದೇ ಎತ್ತರವಾಗಿ ಬಿಟ್ಟು, ನೀವು ಖಾಯಂ ಬಳಸುವ ಅದೇ ಮದ್ದಿನ ಅಳತೆ, ಅದೇ ಗುಂಡು, ಗುಂಡಿಗೆ ಸುತ್ತುವ ಅದೇ ಬಟ್ಟೆಯ ತುಣುಕಿನೊಂದಿಗೆ ಐದೈದು ಹೊಡೆತಗಳ ಗುಂಪನ್ನು ಬೇರೆ ಬೇರೆ ಎರಡು ದಿನ, ಒಮ್ಮೆ ಬಿಸಿಲಿನಲ್ಲಿ ಒಮ್ಮೆ ಮೋಡದಲ್ಲಿ, ಹೊಡೆದು ನೋಡಿ. ಪ್ರತಿ ಹೊಡೆತದಲ್ಲೂ ಆರೆಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಗುರಿ ಹಿಡಿಯಬೇಡಿ. ಅದಕ್ಕಿಂತ ಹೆಚ್ಚು ದಿಟ್ಟಿಸಿದ ಕಣ್ಣು ತಾನು ಕಂಡದ್ದನ್ನೇ ನೆನಪಿನಿಂದ ತೋರಿಸತೊಡಗುತ್ತದೆ. ಎರಡೂ ದಿನದ ಗುಂಪುಗಳು ಬೊಟ್ಟಿನ ಕೆಳಗೆ ಒಂದೇ ಜಾಗದಲ್ಲಿ ಬಿದ್ದರೆ ಆಗ ಅರವನ್ನು ಕೈಗೆತ್ತಿಕೊಳ್ಳಿ, ಮತ್ತು ಕೊನೆಯ ಅರ್ಧ ಇಂಚಿನ ತಿದ್ದುಪಡಿಯನ್ನು ಒಂದು ಎಳೆತ, ಒಂದು ಗುಂಪು ಎಂಬ ಲೆಕ್ಕದಲ್ಲಿ ಮಾಡಿ.